ಕಂಬಳಿ ನೆರಳಿನ ಚಿತ್ತಣ್ಣ

ನಮ್ಮ ಬಡಾವಣೆಯ ಯಾವುದಾದರೂ ಹೊಸ ಮನೆಯ ಮುಂದೆ ಒಂದು ಕರಿ ಕಂಬಳಿ ಎತ್ತರಕ್ಕೆ ಎದ್ದು ನಿಂತಿತೆಂದರೆ ಅಲ್ಲೊಂದು ಮರ ಬರಲಿದೆ ಎಂದೇ ಅರ್ಥ. ಹದಿನೈದು ಅಡಿಯ ಬಿದಿರಿನ ಗಳ, ಅದರ ತಲೆಗೆ ಅಡ್ಡಡ್ಡ ಕಟ್ಟಿದ ಎರಡು ಕೋಲು, ಕೋಲಿನ ಮೇಲೆ ಚಪ್ಪರದ ಹಾಗೆ ಹಾಸಿದ ಕುರಿಯುಣ್ಣೆಯ ಕಂಬಳಿ. ಹೊಸಬರು ನೋಡಿದರೆ ಇದೇನೋ ದೃಷ್ಟಿಬೊಂಬೆಯ ಹೊಸ ನಮೂನೆ ಅಂದುಕೊಳ್ಳುತ್ತಿದ್ದರು. ಗಳದ ಬುಡದಲ್ಲಿ ಒಬ್ಬ ತೆಳ್ಳನೆಯ ಮನುಷ್ಯ ಸುಣ್ಣದ ಪುಡಿಯ ಡಬ್ಬಿ ಹಿಡಿದು ಕುಕ್ಕುರುಗಾಲಿನಲ್ಲಿ ಕೂತು, ಕಂಬಳಿಯ ನೆರಳು ನೆಲದ ಮೇಲೆ ಎಲ್ಲಿಂದ ಎಲ್ಲಿಗೆ ಸರಿಯುತ್ತದೆಂದು ಗೆರೆ ಎಳೆಯುತ್ತಿರುತ್ತಿದ್ದರು. ಅವರೇ ಚಿತ್ತಣ್ಣ. ತಿಪಟೂರಿನ ಹೊಸ ಬಡಾವಣೆಗಳಲ್ಲಿ ಇವತ್ತು ನೆರಳು ಕೊಡುತ್ತಿರುವ ಮರಗಳಲ್ಲಿ ಹೆಚ್ಚಿನವು ಮೊದಲು ಕಂಬಳಿಯಾಗಿದ್ದವು.

"ಗಿಡ ನೋಡಿ ತಗಂಬ್ಯಾಡಿ ಸಾ, ನೆರಳು ನೋಡಿ ತಗಳಿ" ಎನ್ನುವುದು ಗಿರಾಕಿಗಳಿಗೆ ಅವರು ಹೇಳುತ್ತಿದ್ದ ಮೊದಲ ಮಾತು. "ಗಿಡ ಇವತ್ತು ಮೊಣಕಾಲುದ್ದ ಐತೆ, ಮುದ್ದಾಗೈತೆ. ಹತ್ತೊರ್ಷಕ್ಕೆ ಅದೇ ಮನೆ ಯಜಮಾನ ಆಯ್ತದೆ. ಆ ಯಜಮಾನನ್ನ ಈಗ್ಲೇ ಒಂದ್ ವಾರ ಮನೆ ಮುಂದೆ ಇಟ್ಕಂಡು ನೋಡಿ."

ಒಂದು ವಾರ ಕಂಬಳಿ ಅಲ್ಲೇ ಇರಬೇಕು. ವಾರ ಕಳೆದ ಮೇಲೆ ಚಿತ್ತಣ್ಣ ಬಂದು ವಿಚಾರಣೆ ನಡೆಸುತ್ತಿದ್ದರು. ಮನೆಯ ಯಜಮಾನನನ್ನು ಕೇಳುತ್ತಿದ್ದುದು ಕೊನೆಗೆ. ಮೊದಲು ಬಟ್ಟೆ ಒಣಗಿಹಾಕುವ ಹೆಂಗಸನ್ನು ಕೇಳಬೇಕು, ಆಮೇಲೆ ಸಂಜೆ ಜಗಲಿಯ ಮೇಲೆ ಕೂರುವವರನ್ನು. ನಡುವೆ ಪಕ್ಕದ ಮನೆಯ ಗೇಟಿಗೂ ಹೋಗಿ ನಿಲ್ಲುತ್ತಿದ್ದರು. "ಮರ ನಿಮ್ದೇ ಸಾ, ಯಾರ್ ಇಲ್ಲ ಅಂದ್ರು? ಆದ್ರೆ ಸಾಯಂಕಾಲದ್ ನೆರಳು ಪಕ್ಕದ್ ಮನೇದು. ಅವ್ರ್ನೂ ಒಂದ್ ಮಾತ್ ಕೇಳ್ಬೇಕು" ಎನ್ನುತ್ತಿದ್ದರು. ಪಕ್ಕದವರು ಹೂಂ ಅನ್ನದಿದ್ದರೆ ಗಳ ಎರಡಡಿ ಆಚೆಗೋ ಈಚೆಗೋ ಸರಿಯುತ್ತಿತ್ತು. ಮತ್ತೆ ಒಂದು ವಾರ.

ನಾನು ಆಗ ಅಂಚೆ ಕಚೇರಿಯಲ್ಲಿ ಗುಮಾಸ್ತ. ಹೊಸ ಬಡಾವಣೆಗೆ ಇನ್ನೂ ಅಡ್ಡರಸ್ತೆಯ ನಂಬರುಗಳು ಬಂದಿರಲಿಲ್ಲ. "ಕಂಬಳಿ ಕಟ್ಟಿರುವ ಮನೆಯ ಎದುರು" ಎಂದು ವಿಳಾಸ ಬರೆದ ಕಾಗದಗಳನ್ನು ನಾನೇ ಕೈಯಾರೆ ವಿಂಗಡಿಸಿದ್ದೇನೆ. ಕಾಗದ ತಲುಪುವ ಹೊತ್ತಿಗೆ ಕಂಬಳಿ ಬೇರೆ ಬೀದಿಗೆ ಹೋಗಿರುತ್ತಿತ್ತು. ಪೋಸ್ಟ್‌ಮನ್ ನನ್ನನ್ನೂ ಚಿತ್ತಣ್ಣನವರನ್ನೂ ಸೇರಿಸಿ ಬೈಯುತ್ತಿದ್ದ.

ಚಿತ್ತಣ್ಣನವರದು ಶೆಟ್ಟಿಕೆರೆ ಪಕ್ಕದ ಒಂದು ಗೊಲ್ಲರಹಟ್ಟಿ. ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಕುರಿ ಕಾಯ್ದವರೇ. ಚಿತ್ತಣ್ಣನೂ ನಲವತ್ತು ದಾಟುವವರೆಗೆ ಮಂದೆಯ ಹಿಂದೆ ನಡೆದವರು. ಆಮೇಲೆ ಮಂದೆ ಮಾರಿ, ಊರಾಚೆ ಶೆಟ್ಟಿಕೆರೆ ರಸ್ತೆಯಲ್ಲಿ ಅರ್ಧ ಎಕರೆ ಗುತ್ತಿಗೆಗೆ ಹಿಡಿದು ಸಸಿ ಮಾರಲು ಕೂತರು. ಯಾಕೆ ಬಿಟ್ಟಿರಿ ಎಂದು ಒಮ್ಮೆ ಕೇಳಿದ್ದೆ. "ಮೇಯ್ಸೋ ಬಯಲೆಲ್ಲ ತೆಂಗಾಗೋಯ್ತಲ್ಲ ಸಾ. ತ್ವಾಟ್ದೊಳೀಕ್ ಕುರಿ ಬುಟ್ರೆ ನಿಮ್ಮಂಥೋರು ಕಲ್ಲಲ್ಲಿ ಹೊಡೀತೀರಿ" ಎಂದು ನಕ್ಕರು. ಆ ನಗುವಿನಲ್ಲಿ ಸಿಟ್ಟಿರಲಿಲ್ಲ. ಆದರೆ ನಮ್ಮ ಮಾಯಸಂದ್ರದ ಕಡೆಯ ತೋಟದ ಬೇಲಿ ನೆನಪಾಗಿ ನನಗೆ ಮಾತ್ರ ಒಂದು ಕ್ಷಣ ಮುಖ ಸಣ್ಣಗಾಯಿತು.

ಮರದ ವಿದ್ಯೆ ಕಲಿಸಿದ್ದು ಕುರಿಗಳೇ ಎನ್ನುವುದು ಅವರ ವಾದ. "ಬ್ಯಾಸ್ಗೇಲಿ ಮಟಮಟ ಮಧ್ಯಾನ ಕುರಿ ಯಾವ್ ಮರದಡೀಲಿ ತಲೆ ತಗ್ಗಿಸ್ಕಂಡು ನಿಲ್ತವೋ, ಅದು ಮನೆ ಮುಂದಿನ್ ಮರ. ಅವಕ್ಕೆ ಯಾರ್ ಹೇಳ್ಕೊಟ್ರು ಹೇಳಿ? ಅದೇ ಬಯಲಾಗೆ ನೀಲಗಿರಿ ಇದ್ರೂ ಅತ್ಲಾಗ್ ತಿರುಗ್ ನೋಡಲ್ಲ, ಹೊಂಗೆ ಹುಡುಕ್ಕಂಡು ಹೋಯ್ತವೆ." ಒಂದೊಂದು ಮರದ ಬಗ್ಗೆಯೂ ಅವರಲ್ಲಿ ಗಂಡು ನೋಡಲು ಹೋಗಿ ಬಂದ ಹಿರಿಯರ ಹಾಗೆ ಒಂದು ತೀರ್ಪು ಸಿದ್ಧವಾಗಿರುತ್ತಿತ್ತು. ನುಗ್ಗೆ ಒಳ್ಳೆಯದು, ಆದರೆ ಗಾಳಿಗೆ ಕೈಕಾಲು ಮುರಿದುಕೊಳ್ಳುತ್ತದೆ, ಹಿತ್ತಲಲ್ಲಿರಲಿ. ನೇರಳೆ ದೊಡ್ಡ ಮನಸ್ಸಿನದು, ಆದರೆ ಕೆಳಗೆ ಬಿಳಿ ಕಾರು ನಿಲ್ಲಿಸುವವರ ಮನೆಗೆ ಬೇಡ. ಅತ್ತಿ, ಅರಳಿ ದೇವರಂಥವು, ದೇವಸ್ಥಾನದಲ್ಲೇ ಇರಲಿ, ನಿಮ್ಮ ತಳಪಾಯಕ್ಕೆ ಕೈ ಹಾಕುವುದು ಬೇಡ. ಪಾರಿಜಾತಕ್ಕೆ ಮೂರಡಿ ಜಾಗ ಸಾಕು, ಏನನ್ನೂ ಬೇಡದ ಸೊಸೆ ಅದು.

ಒಮ್ಮೆ ಕೊಬ್ಬರಿ ಮಂಡಿಯ ಸಾಹುಕಾರರೊಬ್ಬರು ಮೊಬೈಲಿನಲ್ಲಿ ಫೋಟೋ ತೋರಿಸಿ, ಗೇಟಿನ ಎರಡೂ ಬದಿಗೆ ಇಂಥದೇ ಫಾರಿನ್ ಪಾಮ್ ಗಿಡ ಬೇಕೆಂದು ಪಟ್ಟು ಹಿಡಿದರು. ಆಗ ನಾನೂ ನರ್ಸರಿಯಲ್ಲಿದ್ದೆ.

"ಇದ್ರಡೀಲಿ ಯಾರ್ ಕೂರ್ತಾರೆ ಸಾವ್ಕಾರ್ರೇ?" ಎಂದರು ಚಿತ್ತಣ್ಣ.

"ಕೂರೋಕಲ್ಲ ಕಣಯ್ಯ, ನೋಡೋಕೆ."

"ಹಂಗಾರೆ ಈ ಫೋಟೋನೇ ದೊಡ್ದು ಮಾಡ್ಸಿ ಗೇಟಿಗೆ ಅಂಟಿಸ್ಬುಡಿ. ನೀರಾಕೋ ಕೆಲ್ಸಾನೂ ಇರಲ್ಲ."

ಸಾಹುಕಾರರು ಹೊಟ್ಟೆ ಕುಣಿಸಿಕೊಂಡು ನಕ್ಕರು. ಕೊನೆಗೆ ಒಂದು ಸಂಪಿಗೆ ಸಸಿಯನ್ನೂ ಒಂದು ವಾರದ ಕಂಬಳಿಯನ್ನೂ ಒಪ್ಪಿಕೊಂಡು ಹೋದರು.

ಸಸಿ ಕೊಡುವಾಗ ಚಿತ್ತಣ್ಣ ಒಂದು ಮಾತು ತೆಗೆದುಕೊಳ್ಳುತ್ತಿದ್ದರು. "ಮರ ಆದ್ಮ್ಯಾಕೆ ನಾನ್ ಯಾವಾಗಾರ ಬಂದ್ರೆ ಅರ್ಧ ಗಂಟೆ ಅದ್ರಡೀಲಿ ಕೂರಾಕೆ ಬುಡ್ಬೇಕು." ಎಲ್ಲರೂ ನಕ್ಕು ಹೂಂ ಎಂದವರೇ. ಅವರು ಮಾತ್ರ ಅದನ್ನು ಹಾಸ್ಯಕ್ಕೆ ಹೇಳಿದ್ದಲ್ಲ. ನರ್ಸರಿಯ ನೆಲ ಗುತ್ತಿಗೆಯದು, ಹಟ್ಟಿಯ ಮನೆಯ ಮುಂದೆ ನೆರೆಯವರ ಕುರಿರೊಪ್ಪ ಬಿಟ್ಟರೆ ಜಾಗವಿಲ್ಲ. ಊರಿಗೆಲ್ಲ ಮರ ಆರಿಸಿಕೊಟ್ಟವರಿಗೆ ತಮ್ಮದು ಅಂತ ಒಂದು ಮರ ನೆಡಲು ನೆಲವಿರಲಿಲ್ಲ. ಹಾಗಾಗಿ ಬೇಸಿಗೆಯಲ್ಲಿ ದಿನಕ್ಕೊಂದು ಬೀದಿಯಂತೆ ಸುತ್ತಿ, ಮಧ್ಯಾಹ್ನ ಒಂದು ಗಂಟೆಗೆ ತಾವು ನೆಡಿಸಿದ ಯಾವುದಾದರೂ ಮರದಡಿ ಟವೆಲ್ ಹಾಸಿ ಕೂರುತ್ತಿದ್ದರು. ಕಾಂಡ ತಡವುವುದು, ಒಂದು ಒಣಗಿದ ಕಡ್ಡಿ ಮುರಿಯುವುದು, ಕೊಟ್ಟರೆ ಒಂದು ಲೋಟ ಮಜ್ಜಿಗೆ ಕುಡಿಯುವುದು, ಹೊರಡುವುದು. ಅವರು ಬಂದು ಕೂತ ಮನೆಯವರಿಗೆ ಅದೇನೋ ಒಂದು ಹೆಮ್ಮೆ. "ನೆನ್ನೆ ಚಿತ್ತಣ್ಣ ನಮ್ಮನೇಲಿದ್ರು" ಎಂದು ಹೇಳಿಕೊಳ್ಳುತ್ತಿದ್ದರು.

ನಮ್ಮ ಮನೆಯ ಮುಂದೆ ಅವರು ಕೂರಲಿಲ್ಲ. ಹದಿಮೂರು ವರ್ಷ ಕೂರಲಿಲ್ಲ. ಅದಕ್ಕೆ ಕಾರಣ ನಾನೇ.

ಮೂವತ್ತು ನಲವತ್ತರ ಸೈಟಿನಲ್ಲಿ ನಾನು ಮನೆ ಕಟ್ಟಿಸಿದಾಗ ನನ್ನ ಹೆಂಡತಿ ಸುಶೀಲ ಮುಂದೆ ಒಂದು ನೆರಳಿನ ಮರ ಬೇಕು ಎಂದಳು. ಚಿತ್ತಣ್ಣ ಬಂದು, ನೋಡಿ, ಮುಂಭಾಗದ ಮೂಲೆಯಲ್ಲಿ, ಪಕ್ಕದ ಪದ್ಮಮ್ಮನವರ ಕಾಂಪೌಂಡಿಗೆ ಹತ್ತಿರವಾಗಿ ಗಳ ನೆಟ್ಟರು. ಹೊಂಗೆ ಆಗಬಹುದು ಎಂದರು. ಪದ್ಮಮ್ಮ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಅವರ ಮನೆ ನಮಗಿಂತ ಎರಡು ವರ್ಷ ಮೊದಲೇ ಎದ್ದಿತ್ತು. ಸುಣ್ಣದ ಗೆರೆ ಎಳೆಯುತ್ತಾ ಬಂದ ಚಿತ್ತಣ್ಣ ನಮ್ಮ ಜಗಲಿಯ ಪಕ್ಕದಲ್ಲಿ ಬಕೆಟ್ಟಿನಲ್ಲಿಟ್ಟಿದ್ದ ತೆಂಗಿನ ಸಸಿಯನ್ನು ಕಂಡು ಕೈ ನಿಲ್ಲಿಸಿದರು.

ಅದು ನಮ್ಮಪ್ಪನ ಸಸಿ. ಮಾಯಸಂದ್ರದ ಹತ್ತಿರದ ನಮ್ಮ ತೋಟದಲ್ಲಿ, ಬಾವಿ ಪಕ್ಕದ ತಾಯಿಮರದ ಕಾಯಿ ಆರಿಸಿ, ಅಪ್ಪ ತಮ್ಮ ಕೊನೆಯ ವರ್ಷ ನನಗಾಗಿಯೇ ಸಸಿಮಡಿ ಮಾಡಿ ಎಬ್ಬಿಸಿದ್ದು. "ಪ್ಯಾಟೇಲ್ ಮನೆ ಕಟ್ಟುದ್ರೂ ಬಾಗ್ಲು ತೆಗುದ್ರೆ ತೆಂಗು ಕಾಣ್ಬೇಕು ಕಣ್ಲಾ" ಎಂದಿದ್ದರು. ಗೃಹಪ್ರವೇಶಕ್ಕೆ ಅವರಿರಲಿಲ್ಲ. ಸಸಿ ಇತ್ತು.

"ಇದೇನ್ ಸಾ?" ಎಂದರು ಚಿತ್ತಣ್ಣ.

"ತೆಂಗು. ಹೊಂಗೆ ಬೇಡ, ನೀವು ಗಳ ನೆಟ್ಟಿರೋ ಜಾಗದಲ್ಲೇ ಇದನ್ನ ಹಾಕೋಣ ಅಂತಿದೀನಿ."

"ನಿಮ್ ತ್ವಾಟ್ದಾಗೆ ತೆಂಗಿಂದ ತೆಂಗಿಗೆ ಎಷ್ಟ್ ಬುಡ್ತೀರಿ?"

"ಮೂವತ್ತಡಿ."

"ಈ ಸೈಟು?"

"ಮೂವತ್ತು ನಲವತ್ತು."

"ಅಲ್ಲಿಗೆ ನಿಮ್ ಲೆಕ್ಕದಾಗೇನೆ ಇದು ಒಂದ್ ತೆಂಗಿನ್ ಜಾಗ. ಆ ಜಾಗದಾಗೆ ನೀವು ಆಗ್ಲೇ ಮನೆ ನೆಟ್ಬುಟ್ಟಿದೀರಲ್ಲ ಸಾ!"

ಒಳಗಿನಿಂದ ಸುಶೀಲ ನಕ್ಕದ್ದು ಕೇಳಿಸಿತು. ನನಗೆ ಅಡಿಯಿಂದ ಮುಡಿಯವರೆಗೆ ಉರಿಯಿತು. ತಿಪಟೂರಿನ ನೆಲದ ಮೇಲೆ ನಿಂತು ತೆಂಗು ಬೇಡ ಎನ್ನುವುದೆಂದರೇನು? ನಮ್ಮ ಕಡೆಯವರು ಎಲ್ಲಿ ಮನೆ ಕಟ್ಟಿದರೂ ಮೊದಲು ತೆಂಗು ನೆಡುವವರು. ಬಾತ್‌ರೂಮಿನ ನೀರು ಹೋಗುವ ಗೇಣು ಜಾಗ ಸಿಕ್ಕರೂ ಅಲ್ಲೊಂದು ತೆಂಗು ಕಾಣುವವರು. ಅದು ತಪ್ಪಿರಬಹುದು ಎಂದು ನಮಗೆ ಯಾರೂ ಹೇಳಿರಲಿಲ್ಲ. ಹೇಳಿದ ಮೊದಲ ಮನುಷ್ಯ ಒಬ್ಬ ಕುರಿ ಕಾಯ್ದವನು ಎನ್ನುವುದೂ ಆವತ್ತು ನನ್ನ ತಲೆಯಲ್ಲಿ ಹಾದುಹೋಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಹಾದುಹೋದದ್ದು ನಿಜ.

"ತೆಂಗು ದೊಡ್ ಮರ ಸಾ, ನಾನ್ ಅದನ್ನ ಬಯ್ತಿಲ್ಲ" ಎಂದರು ಅವರು ಮೆಲ್ಲಗೆ. "ತ್ವಾಟ್ದಾಗೆ ಅದು ಕಾಯಿ ಉದುರ್ಸುದ್ರೆ ಫಸ್ಲು. ಬೀದೀಲಿ ಉದುರ್ಸುದ್ರೆ ಪೆಟ್ಟು."

ನಾಲ್ಕನೆಯ ದಿನಕ್ಕೇ ನಾನು ಗಳ ಕಿತ್ತೆ. ಕಂಬಳಿ ಮಡಿಸಿ ಸ್ಕೂಟರಿನಲ್ಲಿಟ್ಟುಕೊಂಡು ಹೋಗಿ ನರ್ಸರಿಯಲ್ಲಿ ಕೊಟ್ಟು, ತೆಂಗು ನೆಡುತ್ತಿದ್ದೇನೆ ಎಂದೆ. ಚಿತ್ತಣ್ಣ ಕಂಬಳಿಯ ಧೂಳು ಕೊಡವಿ ಹೆಗಲಿಗೆ ಹಾಕಿಕೊಂಡರು. "ಆಗ್ಲಿ ಬುಡಿ ಸಾ. ಗುಂಡಿ ಆಳ್ವಾಗಿ ತೆಗೀರಿ. ತಳಕ್ಕೆ ಒಂದ್ ಹಿಡಿ ಉಪ್ಪಾಕಿ" ಎಂದರು. ಜಗಳ ಮಾಡಲು ಹೋದವನಿಗೆ ಬುದ್ಧಿವಾದ ಹೇಳಿ ಕಳಿಸಿದ ಹಾಗಾಯಿತು. ಆ ಉಪ್ಪನ್ನೂ ಹಾಕಿದೆ.

ತೆಂಗು ಬಂತು. ಅಪ್ಪ ಆರಿಸಿದ ಕಾಯಿ, ಬರದೆ ಏನು? ಏಳನೆಯ ವರ್ಷಕ್ಕೆ ಹೊಂಬಾಳೆ ಒಡೆದಾಗ ನಾನು ಬೀದಿಗೆಲ್ಲ ಎಳನೀರು ಕೊಡುವ ಕನಸು ಕಂಡೆ. ಆದರೆ ನೆರಳು ಅಂತ ಕೇಳಿದರೆ, ಕಂಬದ ನೆರಳೂ ಒಂದು ನೆರಳೇ? ಅದು ಮಧ್ಯಾಹ್ನ ನಮ್ಮ ಸೂರಿನ ಮೇಲೆ ಎಲ್ಲೋ ಒಂದು ಪೊರಕೆ ಬಿಸಾಡಿದ ಹಾಗೆ ಬಿದ್ದಿರುತ್ತಿತ್ತು. ಇನ್ನು ವಿಳಾಸ. ಎದುರು ಬೀದಿಯವರು "ಸಂಪಿಗೆ ಮನೆ" ಎಂದರೆ ಕಾಗದ ಬರುತ್ತಿತ್ತು, ಮೂಲೆಯವರು "ಬೇವಿನ ಮರದ ಮನೆ" ಎಂದರೆ ಬರುತ್ತಿತ್ತು. ತಿಪಟೂರಿನಲ್ಲಿ "ತೆಂಗಿನ ಮರದ ಮನೆ" ಎಂದು ಹೇಳಿಕೊಂಡು ಯಾವ ಮುಖ ಹೊತ್ತುಕೊಂಡು ತಿರುಗುವುದು!

ಚಿತ್ತಣ್ಣ ಬೇಸಿಗೆಯ ಮಧ್ಯಾಹ್ನ ನಮ್ಮ ಮನೆ ಮುಂದೆಯೇ ಹಾದು ಹೋಗುತ್ತಿದ್ದರು. ನಮಸ್ಕಾರ ಸಾ ಅನ್ನುತ್ತಿದ್ದರು. ಒಮ್ಮೆ ತಲೆಯೆತ್ತಿ ತೆಂಗಿನ ಕಡೆ ನೋಡಿ, "ಎರಡ್ ಒಣಗರಿ ನೇತಾಡ್ತಾವೆ, ತೆಗುಸ್ಬುಡಿ" ಅಂದು ಮುಂದೆ ಹೋಗಿ, ನಾಲ್ಕು ಮನೆಯಾಚೆಯ ಹೊಂಗೆಯಡಿ ಟವೆಲ್ ಹಾಸುತ್ತಿದ್ದರು. ಸುಶೀಲ ಕಿಟಕಿಯಿಂದ ನೋಡಿ, "ಊರವರ ಮನೇಲೆಲ್ಲ ಕೂರ್ತಾರೆ ಕಣ್ರೀ, ನಮ್ಮನೇಲಿ ಮಾತ್ರ ಅವರಿಗೆ ಜಾಗ ಇಲ್ಲ" ಎನ್ನುವಳು. ಒಂದು ದಿನ ತಡೆಯಲಾರದೆ ನಾನೇ ಗೇಟಿನ ಹತ್ತಿರ ನಿಂತು ಕರೆದೆ.

"ಬನ್ನಿ ಚಿತ್ತಣ್ಣ, ಒಳಗೆ ಫ್ಯಾನ್ ಇದೆ. ಅರ್ಧ ಗಂಟೆ ಕೂತು ಹೋಗಿ."

"ಫ್ಯಾನ್ ನಾನ್ ನೆಟ್ಟಿದ್ದಲ್ವಲ್ಲ ಸಾ" ಎಂದು ನಕ್ಕು ಹೋದರು.

ನಗುತ್ತಲೇ ಹೇಳಿದ್ದು. ನನಗೆ ಮಾತ್ರ ಅದು ಒಳಗೆ ಎಲ್ಲೋ ನೆಟ್ಟುಕೊಂಡಿತು. ಆ ಮನುಷ್ಯ ಒಂದು ಸಲ, ಒಂದೇ ಒಂದು ಸಲ, ನನ್ನ ಮನೆಯ ಮುಂದೆ ಅವರ ಹಕ್ಕಿನಿಂದ ಬಂದು ಕೂರಬೇಕು ಎನ್ನುವ ಆಸೆ ಆವತ್ತು ಶುರುವಾಯಿತು. ಆದರೆ ಮರ ತೆಗೆಯುವ ಮಾತು ಯೋಚಿಸುವುದಕ್ಕೂ ಸಾಧ್ಯವಿರಲಿಲ್ಲ. ಫಲ ಕೊಡುವ ತೆಂಗಿಗೆ ಕೊಡಲಿ ಹಾಕಿದವನನ್ನು ನಮ್ಮ ಕಡೆ ಯಾರೂ ಒಳ್ಳೆಯ ಕಣ್ಣಿನಿಂದ ನೋಡುವುದಿಲ್ಲ. ಅದರ ಮೇಲೆ ಅದು ಅಪ್ಪನ ಗಿಡ.

ಈ ನಡುವೆ ಪದ್ಮಮ್ಮನವರ ಜೊತೆ ಮಾತು ನಿಂತಿತ್ತು. ಕಾಯಿ ಬಿಡಲು ಶುರುವಾದ ಹೊಸದರಲ್ಲಿ ಅವರು ಬಂದು, "ಒಂದ್ ಬಲೆಯಾದ್ರೂ ಕಟ್ಸಪ್ಪ, ನಮ್ ಕಡೆ ಬೀಳ್ತವೆ" ಎಂದಿದ್ದರು. ನಾನು ದೊಡ್ಡ ಮನುಷ್ಯನ ಹಾಗೆ "ಕಾಯಿ ಬೀಳದೆ ಇರೋ ತೆಂಗು ಎಲ್ಲಿದೆ ಹೇಳಿ" ಎಂದುಬಿಟ್ಟೆ. ಅವರು ಮತ್ತೆ ಬರಲಿಲ್ಲ. ಆದರೆ ತಮ್ಮ ಕಡೆ ಬಿದ್ದ ಪ್ರತಿಯೊಂದು ಕಾಯನ್ನೂ ಎತ್ತಿ, ಒರೆಸಿ, ನಡುವಿನ ಕಾಂಪೌಂಡಿನ ಮೇಲೆ ಇಡುತ್ತಿದ್ದರು. ಒಂದನ್ನೂ ಇಟ್ಟುಕೊಳ್ಳಲಿಲ್ಲ. ಬೆಳಗ್ಗೆ ಬಾಗಿಲು ತೆಗೆದರೆ ಅಪ್ಪ ಹೇಳಿದ ಹಾಗೆ ತೆಂಗು ಕಾಣುತ್ತಿತ್ತು, ಜೊತೆಗೆ ಗೋಡೆಯ ಮೇಲೆ ಆ ಕಾಯೂ ಕಾಣುತ್ತಿತ್ತು. ನೋಡಿದರೂ ನೋಡದವನ ಹಾಗೆ ಎತ್ತಿಕೊಂಡು ಒಳಗೆ ಬರುತ್ತಿದ್ದೆ.

ಹನ್ನೆರಡನೆಯ ವರ್ಷದ ಒಂದು ಬೆಳಗ್ಗೆ ನಾನು ಜಗಲಿಯ ಮೇಲೆ ಪೇಪರ್ ಹಿಡಿದು ಕೂತಿದ್ದೆ. ಪದ್ಮಮ್ಮ ತಮ್ಮ ಗೇಟಿನ ಮುಂದೆ ರಂಗೋಲಿಯ ಚುಕ್ಕಿ ಇಡುತ್ತಿದ್ದರು. ಧೊಪ್ಪೆಂದು ಒಂದು ಕಾಯಿ ಬಿತ್ತು. ಅವರ ತಲೆಯಿಂದ ಒಂದು ಮಾರು ದೂರ, ಚುಕ್ಕಿಗಳ ಮಧ್ಯಕ್ಕೆ. ರಂಗೋಲಿ ಪುಡಿ ಮೇಲೆದ್ದು ಅವರ ಮುಖಕ್ಕೆಲ್ಲ ಹಾರಿತು. ಅವರು ಕಣ್ಣಿನ ಪುಡಿ ಕೊಡವಿಕೊಂಡರು. ಆಮೇಲೆ ಎದ್ದು, ಕಾಯಿ ಎತ್ತಿ, ಸೆರಗಿನಿಂದ ಒರೆಸಿ, ಎಂದಿನ ಹಾಗೆ ಗೋಡೆಯ ಮೇಲೆ ಇಟ್ಟರು. ಇಡುವಾಗ ಕಾಯಿ ಎರಡು ಸಲ ಉರುಳಿತು. ಮೂರನೆಯ ಸಲ ನಿಂತಿತು. ನನ್ನ ಕಡೆ ಅವರು ನೋಡಲೇ ಇಲ್ಲ.

ಪೇಪರ್ ಅಲ್ಲೇ ಬಿಟ್ಟು ಸ್ಕೂಟರ್ ತೆಗೆದುಕೊಂಡು ನೇರ ನರ್ಸರಿಗೆ ಹೋದೆ. ಚಿತ್ತಣ್ಣ ಸಸಿಗಳಿಗೆ ನೀರು ಹಾಕುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ನಾನಾಗಲೇ ಹೇಳಿದ್ದೆನಲ್ಲ ಎಂಬ ಮಾತು ಬರುತ್ತದೆಂದು ಕಾದೆ. ಬರಲಿಲ್ಲ.

"ಕಾಯಿ ಬಿದ್ದದ್ದು ಒತ್ತಟ್ಟಿಗಿರ್ಲಿ ಸಾ" ಎಂದರು. "ಆಯಮ್ಮ ಐದೊರ್ಷದಿಂದ ತಲೆ ಮ್ಯಾಲೆ ನೋಡ್ಕಂಡು ನೋಡ್ಕಂಡೇ ರಂಗೋಲಿ ಬುಡ್ತಾವ್ಳೆ. ನಾನ್ ಆ ಬೀದೀಲಿ ಹೋಗ್ವಾಗೆಲ್ಲ ನೋಡಿವ್ನಿ. ಒಂದ್ ಚುಕ್ಕಿ ಇಡದು, ಮ್ಯಾಕ್ ನೋಡದು. ಬಿದ್ದಿದ್ದು ಇವತ್ತೊಂದಿನ. ಅವ್ಳು ಹೆದ್ರಿದ್ದು ದಿನಾ."

"ಅಪ್ಪನ ಗಿಡ ಚಿತ್ತಣ್ಣ" ಎಂದೆ. ಐವತ್ತೈದು ದಾಟಿದವನು ಮಗುವಿನ ಹಾಗೆ ಹೇಳಿದೆ.

ಅವರು ನೀರಿನ ಪೈಪು ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಅಪ್ಪಾರ್ ಗಿಡಾನ ವಾಪಸ್ ತ್ವಾಟಕ್ ಕಳ್ಸಣ. ಬಲ್ತಿರೋ ಕಾಯಿ ಆರು ಇಳ್ಸಿ ತನ್ನಿ. ಇಲ್ಲಿ ಮರಳಾಗೆ ಮಲಗುಸ್ತೀನಿ. ಮೊಳ್ಕೆ ಬರಾಗಂಟ ಮರ ಮುಟ್ಬ್ಯಾಡಿ, ತಿಂಗ್ಳಿಗೊಂದ್ ಕಿತ ಕಾಯಿ, ಗರಿ ಎಲ್ಲ ಇಳ್ಸಿ. ಆಯಮ್ಮ ತಲೆ ಬಗ್ಗಿಸ್ಕಂಡು ರಂಗೋಲಿ ಬುಡ್ಲಿ."

ತೋಟ ನೋಡಿಕೊಳ್ಳುವ ನನ್ನ ತಮ್ಮ ಫೋನಿನಲ್ಲಿ ರಾಗ ಎಳೆದ. ಬೀಜಕ್ಕೆ ಹಳೆಯ ಮರದ ಕಾಯೇ ಬೇಕು, ಎಳೇ ಮರದ್ದು ಯಾರಾದರೂ ಹಾಕುತ್ತಾರೆಯೇ ಎಂದ. ಅವನು ಹೇಳಿದ್ದು ಸರಿಯೇ. ಚಿತ್ತಣ್ಣನವರಿಗೆ ಹೇಳಿದರೆ, "ಇದು ಫಸ್ಲಿಗಲ್ಲ ಸಾ, ಅಪ್ಪಾರ್ ಮಾತಿಗೆ" ಎಂದರು. ಆರರಲ್ಲಿ ನಾಲ್ಕು ಮೊಳೆತವು. ಮುಂಗಾರಿನಲ್ಲಿ ಅವು ಮಾಯಸಂದ್ರಕ್ಕೆ ಹೋಗಿ ಬಾವಿ ಪಕ್ಕದ ತಾಯಿಮರದಿಂದಾಚೆ ಮೂವತ್ತು ಮೂವತ್ತಡಿಗೆ ನೆಲ ಹಿಡಿದವು.

ಮರ ಕಡಿಸಿದ ದಿನ ನಾನು ಊರು ಬಿಟ್ಟು ಹೋಗಬೇಕೆಂದಿದ್ದೆ. ಚಿತ್ತಣ್ಣ ಬಿಡಲಿಲ್ಲ. "ನೆಟ್ಟೋರು ಎದ್ರಿಗಿರ್ಬೇಕು ಸಾ" ಎಂದು ತಾವೂ ಪಕ್ಕದಲ್ಲಿ ನಿಂತರು. ಮೇಲೆ ಹತ್ತಿದವರು ತುದಿಯಿಂದ ತುಂಡು ತುಂಡಾಗಿ ಕೊಯ್ದು ಹಗ್ಗದಲ್ಲಿ ಇಳಿಸಿದರು. ಸುಳಿ ಇಳಿದಾಗ ನನಗೆ ಅಳು ಬಂತು. ಬೀದಿಯಲ್ಲಿ ನಿಂತು ಅತ್ತೆ. ಚಿತ್ತಣ್ಣ ಸಮಾಧಾನ ಹೇಳಲಿಲ್ಲ, ಹೆಗಲ ಮೇಲಿನ ಟವೆಲ್ ಕೊಟ್ಟರು ಅಷ್ಟೆ. ಪದ್ಮಮ್ಮನವರ ಕಿಟಕಿಯ ಪರದೆ ಒಮ್ಮೆ ಸರಿದು ಮುಚ್ಚಿಕೊಂಡಿತು.

ಬೇರು ತೆಗೆಸಿ, ಗುಂಡಿಗೆ ಹೊಸ ಮಣ್ಣು ತುಂಬಿಸಿ, ಶಿವರಾತ್ರಿ ಕಳೆದ ಮೇಲೆ ಚಿತ್ತಣ್ಣ ಗಳ ಮತ್ತು ಕಂಬಳಿ ತಂದರು. ಅಷ್ಟರಲ್ಲಿ ಅವರು ಬಹಳ ಇಳಿದುಹೋಗಿದ್ದರು. ನಾಲ್ಕು ಹೆಜ್ಜೆಗೆ ಒಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಗಳ ಎತ್ತಿ ನಿಲ್ಲಿಸಿದ್ದು ನಾನು, ಅವರು ಬುಡ ಹಿಡಿದಿದ್ದರು ಅಷ್ಟೆ.

"ಜಾಗ ಆಗಲೇ ನೋಡಿದ್ರಲ್ಲ ಚಿತ್ತಣ್ಣ, ಮತ್ತೆ ಯಾಕೆ ಕಂಬಳಿ?"

"ನಾನ್ ನೋಡಿದ್ದೆ. ನೀವ್ ನೋಡಿರ್ಲಿಲ್ವಲ್ಲ ಸಾ."

ಹನ್ನೆರಡೂವರೆಗೆ ಮೊದಲ ಗೆರೆ ಎಳೆದರು. ಒಂದು ಗಂಟೆಯಾಯಿತು. ಕಂಬಳಿಯ ನೆರಳು ಗಳದ ಬುಡದಲ್ಲಿ ಒಂದು ಚಾಪೆಯಷ್ಟು ಅಗಲಕ್ಕೆ ಕಪ್ಪಗೆ ಬಿದ್ದಿತ್ತು. ಚಿತ್ತಣ್ಣ ಸುಣ್ಣದ ಡಬ್ಬಿ ಪಕ್ಕಕ್ಕಿಟ್ಟು, ಹೆಗಲಿನ ಟವೆಲ್ ತೆಗೆದು, ಆ ನೆರಳಿನಲ್ಲಿ ಹಾಸಿ, ಕಾಲು ಚಾಚಿ ಕೂತುಬಿಟ್ಟರು.

"ಮರ ಬರಾಗಂಟ ಕಾಯಾಕೆ ನನ್ ಕೈಲಾಗಲ್ಲ ಸಾ. ಜಾಗ ಇದೇ, ನೆರಳೂ ಇದೇ. ಈಗ್ಲೇ ಕೂತ್ಬುಡ್ತೀನಿ. ಅರ್ಧ ಗಂಟೆ ಬುಡ್ತೀರಲ್ಲ?"

ಸುಶೀಲ ಮಜ್ಜಿಗೆ ತಂದಳು. ಅವಳ ಕಣ್ಣೂ ನೆಟ್ಟಗಿರಲಿಲ್ಲ. ನೆರಳು ಸರಿದ ಹಾಗೆ ಅವರೂ ಟವೆಲ್ ಸಮೇತ ಸರಿಯುತ್ತಾ ಹೋದರು. ಅರ್ಧ ಗಂಟೆ ಎರಡು ಗಂಟೆಯಾಯಿತು. ಕುರಿಗಳ ಮಾತಾಡ್ತಾ ಮಾತಾಡ್ತಾ ಒಂದು ಕೋಳಿನಿದ್ದೆ ಮಾಡಿದರು. ನಾನು ಜಗಲಿಯ ಮೇಲೆ ಅಲುಗಾಡದೆ ಕೂತಿದ್ದೆ. ನನ್ನ ಮನೆಯ ಮುಂದೆ ಚಿತ್ತಣ್ಣ ಕೂತಿದ್ದರು. ಬೀದಿಯಲ್ಲಿ ಯಾರಾದರೂ ಹೋಗಲಿ, ನೋಡಲಿ ಎಂದು ಕಾದೆ. ಆ ಬಿಸಿಲಿನಲ್ಲಿ ಒಂದು ನರಪಿಳ್ಳೆಯೂ ಬರಲಿಲ್ಲ.

ಎದ್ದು ಹೊರಡುವಾಗ ಟವೆಲ್ ಕೊಡವಿ, "ಒಂದ್ ವಾರ ಇರ್ಲಿ. ಬತ್ತೀನಿ" ಎಂದರು.

ಎಂಟನೆಯ ದಿನ ಬರಲಿಲ್ಲ. ಒಂಬತ್ತನೆಯ ದಿನ ನಾನೇ ನರ್ಸರಿಗೆ ಹೋದೆ. ಅವರ ಸೊಸೆ ಸಸಿಗಳಿಗೆ ನೀರು ಹಾಕುತ್ತಿದ್ದಳು. ಹೆಗಲ ಮೇಲೆ ಚಿತ್ತಣ್ಣನವರ ಟವೆಲ್ ಇತ್ತು. "ಮಾವಯ್ಯ ಹೋಗ್ಬುಟ್ರು ಸಾ. ಐದ್ ದಿನ ಆಯ್ತು. ಹಟ್ಟೀಲೇ. ಉಸ್ರು ಹಿಡ್ಕಂಡ್ಬುಡ್ತು" ಎಂದಳು. ಮತ್ತೆ ಏನೋ ನೆನಪಾಗಿ ಮೂಲೆಗೆ ಹೋಗಿ ಒಂದು ಹೊಂಗೆ ಸಸಿ ತಂದಳು. ಅದರ ಕುತ್ತಿಗೆಗೆ ಒಂದೆಳೆ ಕರಿ ಉಣ್ಣೆ ಕಟ್ಟಿತ್ತು. "ಇದು ಪೋಸ್ಟ್ ಸಾ ಅವ್ರ್ದು, ಯಾರ್ಗೂ ಕೊಡ್ಬ್ಯಾಡ ಅಂದಿದ್ರು." ಕಂಬಳಿ ತಂದುಕೊಡುತ್ತೇನೆ ಎಂದೆ. ಬೇಡ ಎಂದಳು. "ಗಿಡ ಎದ್ ನಿಲ್ಲಾಗಂಟ ಅದುಕ್ಕೂ ನೆರಳು ಬೇಕಲ್ಲ ಸಾ, ಇರ್ಲಿ."

ಸಸಿ ಹಿಡಿದು ಮನೆಗೆ ಬಂದವನು ಗುಂಡಿಯ ಮುಂದೆ ನಿಂತೆ. ನೆಡುವ ಮೊದಲು ಇನ್ನೊಂದು ಕೆಲಸ ಉಳಿದಿತ್ತು. ಅದನ್ನು ಮಾಡುತ್ತಿದ್ದವರು ಈಗ ಇರಲಿಲ್ಲ. ಸಸಿ ಹಿಡಿದುಕೊಂಡೇ ಹೋಗಿ ಪದ್ಮಮ್ಮನವರ ಗೇಟು ತಟ್ಟಿದೆ. ಐದಾರು ವರ್ಷದ ಮೇಲೆ ಮೊದಲ ಸಲ. ಅವರು ಬಾಗಿಲಿಗೆ ಬಂದು ನಿಂತರು.

"ಅಮ್ಮ, ಈ ಮೂಲೇಲಿ ಒಂದು ಹೊಂಗೆ ಹಾಕ್ತಿದೀನಿ. ಸಾಯಂಕಾಲ ನೆರಳು ನಿಮ್ಮ ಕಡೆ ಬರುತ್ತೆ. ನೀವು ಹೂಂ ಅಂದರೆ..."

ಪದ್ಮಮ್ಮ ಸಸಿಯನ್ನು ನೋಡಿದರು. ಅದರ ಉಣ್ಣೆಯ ಎಳೆಯನ್ನು ನೋಡಿದರು.

"ಆವಯ್ಯ ನನ್ನ ಕೇಳಾಯ್ತು ಕಣಪ್ಪ" ಎಂದರು.

"ಯಾವಾಗ, ಹೋದ ವಾರವೇ?"

"ನೀನ್ ಮನೆ ಕಟ್ದಾಗ್ಲೇ. ಮೂರ್ನೇ ದಿನಾನೇ ಬಂದು ಗೇಟ್ ಹತ್ರ ನಿಂತಿದ್ರು. ಹೊಂಗೆ ನೆರಳು ನಿಮ್ ಮೆಟ್ಲಿಗೆ ಬತ್ತದೆ ಕಣಮ್ಮ, ಆಯ್ತದಾ ಅಂದ್ರು. ಯಾಕಾಗಲ್ಲ, ಸಾಯಂಕಾಲ ಕುರ್ಚಿ ಹಾಕ್ಕೋತೀನಿ ಅಂದೆ. ಕುರ್ಚೀನೂ ತಂದಿಟ್ಕಂಡಿದ್ದೆ. ಮಾರ್ನೇ ದಿನ ನೋಡುದ್ರೆ ನೀನ್ ಗಳ ಕಿತ್ತಾಕಿದ್ದೆ."

ನಾನು ತಲೆ ತಗ್ಗಿಸಿದೆ. ಆ ಮಾತನ್ನು ಚಿತ್ತಣ್ಣ ಒಂದು ಸಲವೂ ನನ್ನ ಮುಖಕ್ಕೆ ಹಿಡಿದಿರಲಿಲ್ಲ. ಪದ್ಮಮ್ಮ ಒಳಗೆ ಹೋಗಿ ಒಂದು ಚೊಂಬು ನೀರು ತಂದರು. ಸಸಿ ನಾನು ಹಿಡಿದೆ, ಮಣ್ಣು ಸುಶೀಲ ತಳ್ಳಿದಳು, ಮೊದಲ ನೀರು ಅವರು ಹಾಕಿದರು.

ಇದೆಲ್ಲ ಆಗಿ ನಾಲ್ಕು ವರ್ಷವಾಯಿತು. ಹೊಂಗೆ ಈಗ ನಮ್ಮ ಸಜ್ಜೆಯ ಎತ್ತರ ದಾಟಿದೆ. ಯುಗಾದಿಗೆ ಮುಂಚೆ ಎಲೆಯೆಲ್ಲ ಉದುರಿ, ಬಿಸಿಲು ಬಲಿಯುವ ಹೊತ್ತಿಗೆ ಸರಿಯಾಗಿ ಮತ್ತೆ ಚಿಗುರುತ್ತದೆ. ಸಂಜೆ ನಾಲ್ಕಕ್ಕೆ ನೆರಳು ಗೋಡೆ ಹತ್ತಿ ಇಳಿದು ಪದ್ಮಮ್ಮನವರ ಮೆಟ್ಟಿಲು ಮುಟ್ಟುತ್ತದೆ. ಅವರು ಆಚೆ ಕುರ್ಚಿ ಹಾಕಿಕೊಳ್ಳುತ್ತಾರೆ, ನಾನು ಈಚೆ. ಗೋಡೆಯ ಮೇಲಿಂದ ಈಗ ಬರುವುದು ಅವರ ಮನೆಯ ನುಚ್ಚಿನುಂಡೆ, ನಮ್ಮ ಮನೆಯ ಸಾರು. ಬುಡದಲ್ಲಿ ಒಂದು ಚಪ್ಪಡಿ ಕಲ್ಲು ಹಾಕಿಸಿದ್ದೇನೆ. ಬಂದವರು ಹೋದವರು ಅದರ ಮೇಲೆ ಕೂರುತ್ತಾರೆ. ಮಧ್ಯಾಹ್ನ ಒಂದು ಗಂಟೆಗೆ ಮಾತ್ರ ಸುಶೀಲ ಅದರ ಮೇಲೆ ಏನೂ ಒಣಗಿ ಹಾಕುವುದಿಲ್ಲ, ನನ್ನನ್ನೂ ಕೂರಲು ಬಿಡುವುದಿಲ್ಲ. ಕಂಬಳಿಯನ್ನು ಮಡಿಸಿ ಅದರ ಮೇಲೆ ಇಡುತ್ತಾಳೆ. ಅರ್ಧ ಗಂಟೆಯಾದ ಮೇಲೆ ಒಳಗೆ ತರುತ್ತಾಳೆ.